ಒಂದು ಮಾತು, ಎರಡು ಗುಡ್ಡೆ

ಹೊಗೆಸೊಪ್ಪಿನ ಕಾಲವೊಂದನ್ನು ಬಿಟ್ಟರೆ, ವರ್ಷವಿಡೀ ನನ್ನ ಕಂಪ್ಯೂಟರಿನ ಕೆಳಗೆ ಹಲಸಿನ ಮರದ ಒಂದು ಮಣೆ ಇರುತ್ತದೆ. ಊಟಕ್ಕೆ ಹಾಕುವ ಮಣೆಗಿಂತ ನಾಲ್ಕು ಬೆರಳು ಎತ್ತರ, ಗಿಡ್ಡನೆಯ ನಾಲ್ಕು ಕಾಲು, ಕೂತು ಕೂತು ನಡುವೆ ಸವೆದ ಒಂದು ತಗ್ಗು. ಮಾನಿಟರು ತೀರಾ ಕೆಳಗಾಗಿ ನನ್ನ ಕುತ್ತಿಗೆ ಹಿಡಿದುಕೊಳ್ಳುತ್ತಿದ್ದ ದಿನಗಳಲ್ಲಿ, ಮನೆಯಲ್ಲೆಲ್ಲ ಹುಡುಕಿ ಸಿಕ್ಕ ಸರಿಯಾದ ಎತ್ತರದ ವಸ್ತು ಇದೊಂದೇ. ಬಂದವರು ನೋಡಿ ಮುಸಿಮುಸಿ ನಗುತ್ತಾರೆ, ಇಷ್ಟು ದುಬಾರಿಯ ಯಂತ್ರಕ್ಕೆ ಇಂಥ ಸಿಂಹಾಸನವೇ ಎಂದು. ನೀವೂ ಒಮ್ಮೆ ನಕ್ಕುಬಿಡಿ, ಬೇಸರವಿಲ್ಲ. ಆದರೆ ಆ ತಗ್ಗಿನಲ್ಲಿ ಕೂತವರು ಯಾರು, ಅವರಿಂದ ನಾನೇನು ಕಲಿತೆ ಎಂಬುದನ್ನು ಕೇಳಿದ ಮೇಲೆ ನೀವು ಅಷ್ಟು ಸುಲಭವಾಗಿ ನಗಲಾರಿರಿ ಎಂಬ ಧೈರ್ಯ ನನಗಿದೆ.

ನಾನು ಕೆ.ಆರ್. ನಗರದ ಕಡೆಯವಳು, ನಾಲೆಯ ನೀರು ಕಂಡು ಬೆಳೆದ ಭತ್ತದ ಗದ್ದೆಯ ಹುಡುಗಿ. ಮದುವೆಯಾಗಿ ಬಂದದ್ದು ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಹೋಬಳಿಯ ಒಂದು ಹೊಗೆಸೊಪ್ಪಿನ ಮನೆಗೆ. ಬ್ಯಾರನ್ನಿನಲ್ಲಿ, ಎಂದರೆ ಸೊಪ್ಪು ಬೇಯಿಸುವ ಮನೆಯಲ್ಲಿ, ಬೆಂದು ಬಂಗಾರದ ಬಣ್ಣಕ್ಕೆ ತಿರುಗಿದ ಎಲೆಗಳನ್ನು ಇಳಿಸಿ ತಂದು, ಕೊಟ್ಟಿಗೆಯ ಪಕ್ಕದ ಸೂರಿನಡಿ ಹರಡಿ, ಬಣ್ಣ, ಕಲೆ, ದಪ್ಪ ನೋಡಿ ಗುಡ್ಡೆ ಗುಡ್ಡೆಯಾಗಿ ವಿಂಗಡಿಸುವ ಕೆಲಸಕ್ಕೆ ನಮ್ಮ ಅತ್ತೆ ಸುತ್ತ ಮೂರೂರಿಗೆ ಹೆಸರಾದವರು. ಮಣೆಯ ಮೇಲೆ ಅವರು, ಗೋಣಿತಾಟಿನ ಮೇಲೆ ನಾವು. ಅವರ ಶಾಸ್ತ್ರದಲ್ಲಿ ಒಂದೇ ಒಂದು ಸೂತ್ರ: ಒಂದು ಎಲೆ ಒಂದೇ ಗುಡ್ಡೆಗೆ ಸೇರತಕ್ಕದ್ದು. ಅನುಮಾನವಿದ್ದರೆ ಇನ್ನೊಮ್ಮೆ ಬೆಳಕಿಗೆ ಹಿಡಿ, ಆದರೆ ತೀರ್ಮಾನ ಮಾಡು. ಹೊಸದರಲ್ಲಿ ನಾನು ಎಲ್ಲಿ ಎಲೆ ಇಟ್ಟರೂ, ಇಟ್ಟ ಮರುಕ್ಷಣವೇ ಅವರ ಕೈ ಸದ್ದಿಲ್ಲದೆ ಬಂದು ಆ ಎಲೆಯನ್ನೆತ್ತಿ ಪಕ್ಕದ ಗುಡ್ಡೆಗೆ ಹಾಕಿ ಹೋಗುತ್ತಿತ್ತು. ಒಂದು ಮಾತೂ ಬೈಯುತ್ತಿರಲಿಲ್ಲ. ಬೈದಿದ್ದರೆ ಕೊನೇಪಕ್ಷ ಮುಖ ಊದಿಸಿಕೊಂಡಾದರೂ ಕೂರಬಹುದಿತ್ತು.

ಆ ಕೈಯೇ ನನ್ನ ಸಂಶೋಧನೆಗೆ ಮೂಲವಾಯಿತು. ಹುಣಸೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ನಾನು, ಹೊಗೆಸೊಪ್ಪು ವಿಂಗಡಿಸುವ ಹೆಂಗಸರು ತಮ್ಮ ಕೆಲಸದ ಬಗ್ಗೆ ಏನು ಹೇಳುತ್ತಾರೆ ಎಂಬುದನ್ನೇ ವಿಷಯ ಮಾಡಿಕೊಂಡು ಡಾಕ್ಟರೇಟಿಗೆ ನೋಂದಾಯಿಸಿದೆ. ಎರಡು ವರ್ಷದ ರಜೆ ಪಡೆದು, ಟೇಪ್ ರೆಕಾರ್ಡರ್ ಬಗಲಿಗೇರಿಸಿ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಹಳ್ಳಿಗಳನ್ನು ಸುತ್ತಿ ನಲವತ್ತು ಜನರ ಮಾತು ತುಂಬಿಕೊಂಡು ಬಂದೆ. ಮೈಸೂರಿನ ನಮ್ಮ ಮಾರ್ಗದರ್ಶಕರು ಕೆಟ್ಟವರಲ್ಲ, ಆದರೆ ಅಂಕಿಗಳ ಮನುಷ್ಯ. ನನ್ನ ನೋಟ್‌ಬುಕ್ಕುಗಳನ್ನು ತಿರುವಿ ನೋಡಿ, ಮಾತೆಲ್ಲ ಸೊಗಸಾಗಿದೆ, ಇದರಿಂದ ಏನನ್ನು ತೋರಿಸುತ್ತೀಯ ಎಂದು ಕೇಳಿದರು. ಜುಲೈನ ವಿಚಾರಗೋಷ್ಠಿಯಲ್ಲಿ ವಿಶ್ಲೇಷಣೆ ಮಾಡಿ ತೋರಿಸಬೇಕು. ಆಗದಿದ್ದರೆ ಹೌದು, ಇಲ್ಲ ಎಂದು ಗೆರೆ ಹಾಕುವ ಪ್ರಶ್ನಾವಳಿ ಹಿಡಿದು ಮತ್ತೆ ಎಲ್ಲರ ಬಾಗಿಲಿಗೂ ಹೋಗಬೇಕು. ನನ್ನ ರಜೆ ಆ ಬೇಸಿಗೆಗೆ ಮುಗಿಯುತ್ತಿತ್ತು. ಮತ್ತೆ ಊರೂರು ಸುತ್ತುವುದೆಂದರೆ ನನ್ನ ಪಾಲಿಗೆ ಪ್ರಬಂಧ ಅಲ್ಲಿಗೆ ಮುಗಿದಂತೆಯೇ.

ಆ ಹೊತ್ತಿಗೆ ಮೈಸೂರಿನಲ್ಲಿ ಎರಡು ದಿನದ ಕಾರ್ಯಾಗಾರವೊಂದರಲ್ಲಿ ಒಂದು ಸಾಫ್ಟ್‌ವೇರ್ ಪರಿಚಯವಾಯಿತು. ಜನರ ಮಾತನ್ನು ಅದಕ್ಕೆ ಉಣಿಸಿದರೆ, ನಾವು ಸಾಲುಸಾಲಾಗಿ ಓದಿ ಒಂದೊಂದು ತುಣುಕಿಗೂ ಒಂದೊಂದು ಹೆಸರಿಡಬಹುದು. ಆಮೇಲೆ ಯಾವ ಹೆಸರನ್ನು ಒತ್ತಿದರೂ ನಲವತ್ತು ಜನರಿಂದಲೂ ಆ ಹೆಸರಿನ ಮಾತುಗಳನ್ನು ಹೆಕ್ಕಿ ತಂದು ಒಟ್ಟಿಗೆ ಸುರಿಯುತ್ತದೆ. ನನಗದು ನೋಡಿದ ಕೂಡಲೇ ಆಪ್ತವೆನಿಸಿತು, ಗುಡ್ಡೆ ಹಾಕುವ ಕೆಲಸವೇ ತಾನೆ. ಕೊನೆಯ ದಿನ ಎಲ್ಲರಿಗೂ ಒಂದು ಸಿ.ಡಿ. ಕೊಟ್ಟರು. ಕಂಪ್ಯೂಟರಿಗೆ ಹಾಕಿದ ಗಳಿಗೆಯಿಂದ ಮೂವತ್ತು ದಿನ ಅದರ ಆಯುಸ್ಸು, ಮೂವತ್ತೊಂದನೆಯ ದಿನ ಬಾಗಿಲು ಬಂದ್. ಇನ್ನೊಂದು ತೊಡಕೂ ಇತ್ತು. ಅದಕ್ಕೆ ಕನ್ನಡ ತಿಳಿಯದು; ಕನ್ನಡದಲ್ಲಿ ಟೈಪ್ ಮಾಡಿದ್ದನ್ನು ತೆರೆದರೆ ಪರದೆಯ ತುಂಬ ಕೊಕ್ಕೆ, ಸೊನ್ನೆ, ಪ್ರಶ್ನಾರ್ಥಕ ಚಿಹ್ನೆ. ಹಾಗಾಗಿ ನಾಲ್ಕು ತಿಂಗಳು ಕೂತು ನಲವತ್ತು ಜನರ ಹಳ್ಳಿ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದೆ. ನಮ್ಮ ಸೊಪ್ಪು ಪರದೇಶಿ ಅಕ್ಷರಗಳ ಅಂಗಿ ತೊಟ್ಟು ನಿಂತದ್ದನ್ನು ನೋಡಿ ನಗುವೂ ಬರುತ್ತಿತ್ತು, ಕನಿಕರವೂ ಆಗುತ್ತಿತ್ತು. ಅಲ್ಲಿಯವರೆಗೆ ಆ ಸಿ.ಡಿ.ಯನ್ನು ದೇವರ ಪಟದ ಹಿಂದೆ ಇಟ್ಟಿದ್ದೆ, ಯಾರೂ ಮುಟ್ಟದಿರಲಿ ಎಂದು.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ, ಕರೆಂಟು ಇರುವ ಹೊತ್ತು ನೋಡಿ, ಸಿ.ಡಿ. ಹಾಕಿದೆ. ಆಗಲೇ ಅತ್ತೆಯ ಮಣೆಯನ್ನು ಕೇಳಿದ್ದು. ಸೊಪ್ಪು ಬೇಯಿಸುವ ಕಾಲಕ್ಕೆ ಹಿಂದಕ್ಕೆ ಕೊಡಬೇಕೆಂಬ ಕರಾರಿನ ಮೇಲೆ ಕೊಟ್ಟರು.

ಮೊದಲ ಹತ್ತು ದಿನ ನಾನು ಮಾಡಿದ ತಪ್ಪನ್ನು ಜಗತ್ತಿನಲ್ಲಿ ಈ ಸಾಫ್ಟ್‌ವೇರ್ ಕಲಿತ ಬೇರಾರೂ ಮಾಡಿರಲಾರರು. ಅದನ್ನು ಮಾಡಲು ಹೊಗೆಸೊಪ್ಪಿನ ಮನೆಯ ಸೊಸೆಯೇ ಆಗಿರಬೇಕು. ನೋವು, ಹೆಮ್ಮೆ, ಮಕ್ಕಳು, ಗಂಡಸರು, ಮೈಕೈ ಕಾಯಿಲೆ ಎಂದು ಗುಡ್ಡೆಗಳಿಗೆ ಹೆಸರಿಟ್ಟು, ಒಂದೊಂದು ಮಾತನ್ನೂ ಬೆಳಕಿಗೆ ಹಿಡಿದು, ತೀರ್ಮಾನ ಮಾಡಿ, ಒಂದೇ ಒಂದು ಗುಡ್ಡೆಗೆ ಹಾಕುತ್ತಾ ಹೋದೆ. ಹೊಂದದ ಮಾತಿಗೆ ಹೊಸ ಗುಡ್ಡೆ, ಅದಕ್ಕೂ ಹೊಂದದ್ದು ‘ಇತರೆ’ಗೆ. ಹತ್ತು ದಿನ ಕಳೆಯುವಷ್ಟರಲ್ಲಿ ಗುಡ್ಡೆಗಳು ನೂರರ ಮೇಲಾಗಿದ್ದವು, ಎಲ್ಲಕ್ಕಿಂತ ದೊಡ್ಡದು ‘ಇತರೆ’. ಸೂರಿನಡಿ ಹೊಸ ಕೆಲಸಗಾರ್ತಿಯ ಪಕ್ಕದಲ್ಲಿ ಕಸದ ಗುಡ್ಡೆ ಬೆಳೆಯುತ್ತಿದ್ದರೆ ಅತ್ತೆ ಎಲೆಗಳನ್ನು ನೋಡುತ್ತಿರಲಿಲ್ಲ, ಆ ಹೆಂಗಸಿನ ಮುಖ ನೋಡುತ್ತಿದ್ದರು. ನನಗೆ ನನ್ನ ಮುಖ ನೋಡಿಕೊಳ್ಳಲು ಭಯವಾಯಿತು. ಮೂರರಲ್ಲೊಂದು ಪಾಲು ದಿನ ಕೈಬಿಟ್ಟಿತ್ತು, ತೋರಿಸಲು ಏನೂ ಇರಲಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ ಅತ್ತೆ ಹೊಲದಲ್ಲಿ ಸಸಿ ನೆಡಿಸಿ ಬಂದು, ಕಾಲು ತೊಳೆದು, ನನ್ನ ಕೋಣೆಯ ಹೊಸ್ತಿಲ ಮೇಲೆ ಕೂತರು.

“ಅದೇನವ್ವಾ, ಅಂಗೆ ಮಕ ಇಳೇಬುಟ್ಕಂಡು ಕುಂತಿದ್ದೀಯ?”

ಹೇಳಿದೆ. ಏನು ಮಾಡುತ್ತಿದ್ದೇನೆಂದು ಅವರಿಗೆ ಅರ್ಥವಾಗಲೆಂದು, ಆಗ ಪರದೆಯ ಮೇಲಿದ್ದ ಮಾತನ್ನೇ ಓದಿದೆ. ಅದು ಹೆಗ್ಗಡದೇವನಕೋಟೆ ಕಡೆಯ ಚಿಕ್ಕತಾಯಮ್ಮ ಎಂಬಾಕೆ ಹೇಳಿದ್ದು: “ಕೈಯೆಲ್ಲಾ ಕಹಿ ಕಣವ್ವ. ಮುದ್ದೆ ಮುರುದ್ರೆ ಮುದ್ದೇನೂ ಕಹಿ. ಆದ್ರೆ ಕಣ್ ಮುಚ್ಕಂಡು ಎಲೆ ಮುಟ್ಟುದ್ರೂ ಯಾವ್ ಕೊಯ್ಲಿಂದು ಅಂತ ಯೋಳ್ಬುಡ್ತೀನಿ. ಈ ಕಹಿ ಕೈಯೇ ಯೋಳ್ತದೆ.”

ಅತ್ತೆ ತಮ್ಮ ಅಂಗೈಯನ್ನು ಒಮ್ಮೆ ನೋಡಿಕೊಂಡರು. ಆಕೆಯ ಊರು ಯಾವುದೆಂದು ವಿಚಾರಿಸಿದರು. ಇದನ್ನು ನೋವಿನ ಗುಡ್ಡೆಗೆ ಹಾಕಲೋ, ಹೆಮ್ಮೆಯ ಗುಡ್ಡೆಗೆ ಹಾಕಲೋ ತಿಳಿಯದೆ ಬೆಳಗಿನಿಂದ ಕೂತಿದ್ದೇನೆ ಅತ್ಯಮ್ಮ, ಎಂದೆ. ಎಲೆಯ ವಿಷಯದಲ್ಲಿ ಒಂದು ಕೂದಲೆಳೆಯಷ್ಟೂ ಬಿಟ್ಟುಕೊಡದ ಅವರು, ನಾನೇನೋ ದಡ್ಡ ಪ್ರಶ್ನೆ ಕೇಳಿದವಳಂತೆ ನನ್ನನ್ನು ನೋಡಿದರು.

“ಎಲೆಯಾದ್ರೆ ಒಂದೇ ಅದೆ, ಒಂದ್ ಕಡೀಕೆ ಆಕ್ಬೇಕು. ಮಾತ್ಗೇನು? ಅವ್ಳು ಎಲ್ಡನ್ನೂ ಸೇರ್ಸೇ ಯೋಳವ್ಳೆ, ಎಲ್ಡಕ್ಕೂ ಆಕು.”

ಇಷ್ಟು ಹೇಳಿ ಒಲೆಯ ಮೇಲಿನ ಸಾರು ನೋಡಲು ಎದ್ದು ಹೋದರು. ನಾನು ಚಿಕ್ಕತಾಯಮ್ಮನ ಮಾತನ್ನು ‘ನೋವು’ ಎಂಬಲ್ಲಿಗೂ ಹಾಕಿದೆ, ‘ಹೆಮ್ಮೆ’ ಎಂಬಲ್ಲಿಗೂ ಹಾಕಿದೆ. ಯಂತ್ರ ಒಂದಿಷ್ಟೂ ತಕರಾರು ಮಾಡದೆ ಎರಡೂ ಕಡೆ ಇಟ್ಟುಕೊಂಡಿತು. ಕಾರ್ಯಾಗಾರದ ಟಿಪ್ಪಣಿ ತೆರೆದು ನೋಡಿದರೆ ಎರಡನೆಯ ಪುಟದಲ್ಲೇ ನನ್ನದೇ ಅಕ್ಷರದಲ್ಲಿ ಬರೆದುಕೊಂಡಿದ್ದೇನೆ: ಒಂದು ತುಣುಕಿಗೆ ಎಷ್ಟು ಹೆಸರು ಬೇಕಾದರೂ ಕೊಡಬಹುದು. ಕಿವಿ ಕೇಳಿತ್ತು, ಕೈ ಬರೆದುಕೊಂಡಿತ್ತು, ಆದರೆ ಅದೇ ಕೈಗೆ ಸೂರಿನಡಿಯ ಅಭ್ಯಾಸ ಬಿಟ್ಟಿರಲಿಲ್ಲ.

ಯೋಚಿಸಿ ನೋಡಿ ಸ್ನೇಹಿತರೇ, ನಾವು ಒಬ್ಬರನ್ನೊಬ್ಬರು ವಿಂಗಡಿಸುವುದೂ ಬಹುಮಟ್ಟಿಗೆ ಹೀಗೆಯೇ. ಸುಖಿ ಎಂದೋ ದುಃಖಿ ಎಂದೋ, ಜೋರಿನವಳೆಂದೋ ಪಾಪದವಳೆಂದೋ ಒಂದು ಗುಡ್ಡೆಗೆ ಹಾಕಿ ಕೈ ತೊಳೆದುಕೊಂಡರೆ ನಮಗೆ ನಿರಾಳ. ನಾನೇ ಅತ್ತೆಯನ್ನು ಎಷ್ಟು ವರ್ಷ ‘ಬಿಗಿ’ ಎಂಬ ಗುಡ್ಡೆಯಲ್ಲಿಟ್ಟಿದ್ದೆ. ಹೊಸ್ತಿಲ ಮೇಲೆ ಕೂತು, ನೋಡದ ಊರಿನ ಹೆಂಗಸೊಬ್ಬಳ ಕೈಯನ್ನು ತಮ್ಮ ಕೈಯಲ್ಲಿ ಕಂಡುಕೊಂಡ ಆ ಮನುಷ್ಯೆಗೆ ಆ ಗುಡ್ಡೆ ಎಲ್ಲಿ ಸಾಲುತ್ತಿತ್ತು? ನನಗೆ ಆ ದಿನ ನಾಚಿಕೆಯಾಯಿತು. ನಾಚಿಕೆಯ ಜೊತೆಗೆ ಸಂತೋಷವೂ ಆಯಿತು.

ನೂರು ಗುಡ್ಡೆಗಳನ್ನು ಕೆಡವಿ ಇಪ್ಪತ್ತಕ್ಕೆ ಇಳಿಸಿದೆ. ಮೊದಲಿನಿಂದ ಓದಿದೆ. ಕರೆಂಟು ಹೋದಾಗ ಕಾಗದದ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು, ಬಂದಾಗ ಓಡಿ ಬಂದು ಕೂರುತ್ತಿದ್ದೆ. ಇಪ್ಪತ್ತೇಳನೆಯ ದಿನ ‘ಇತರೆ’ಯಲ್ಲಿ ಉಳಿದದ್ದು ಐದು ಸಾಲು. ಆಗ ಯಂತ್ರವನ್ನು ಕೇಳಿದೆ: ನೋವು ಮತ್ತು ಹೆಮ್ಮೆ ಎರಡೂ ಸೇರಿದ ಮಾತುಗಳನ್ನು ತೋರಿಸು. ಒಂದು ಕ್ಷಣ ಪರದೆ ಬಿಳಿಯಾಯಿತು. ಆಮೇಲೆ ಸಾಲುಗಳು ಬಂದವು, ಬರುತ್ತಲೇ ಇದ್ದವು. ಹುಣಸೂರಿನವರು, ಪಿರಿಯಾಪಟ್ಟಣದವರು, ಕೋಟೆಯವರು, ಒಬ್ಬರ ಮುಖ ಒಬ್ಬರು ಕಾಣದವರು, ಕೆಮ್ಮನ್ನು ಹೇಳಿದ ಉಸಿರಿನಲ್ಲೇ ತಮ್ಮ ಕಣ್ಣಿನ ಚುರುಕನ್ನು ಹೇಳಿದವರು, ಬೆನ್ನುನೋವಿನ ಜೊತೆಗೇ ಹರಾಜಿನಲ್ಲಿ ತಮ್ಮ ಕಟ್ಟು ಮೊದಲ ದರ್ಜೆಗೆ ಬಂದುದನ್ನು ಹೇಳಿದವರು. ನೋವನ್ನು ಹೇಳದೆ ಹೆಮ್ಮೆಯನ್ನು ಹೇಳಿದವರು ಒಬ್ಬರೂ ಇರಲಿಲ್ಲ. ನಾನು ಎದ್ದು ನಿಂತು ಅತ್ಯಮ್ಮಾ ಎಂದು ಕೂಗಿದ ಕೂಗಿಗೆ ಹಿತ್ತಲಿನ ಕೋಳಿಗಳೆಲ್ಲ ಚದುರಿದವು. ಅಷ್ಟನ್ನೂ ಹುಣಸೂರಿಗೆ ಒಯ್ದು ಅಚ್ಚು ತೆಗೆಸಿ ತಂದೆ. ಮೂವತ್ತೊಂದನೆಯ ದಿನ, ಹೇಳಿದಂತೆಯೇ, ಸಾಫ್ಟ್‌ವೇರ್ ಬಾಗಿಲು ಹಾಕಿಕೊಂಡಿತು. ಹಾಕಿಕೊಳ್ಳಲಿ ಎಂದು ಅದರ ಮುಂದೆ ಕಾಫಿ ಕುಡಿದೆ.

ಜುಲೈನ ಗೋಷ್ಠಿಯಲ್ಲಿ ನಾನು ಹೆಚ್ಚು ಮಾತಾಡಲಿಲ್ಲ, ಹಾಳೆಗಳನ್ನು ಹಂಚಿದೆ. ಮಾರ್ಗದರ್ಶಕರು ಕನ್ನಡಕ ಏರಿಸಿಕೊಂಡು, ಇಂಗ್ಲಿಷ್ ಅಕ್ಷರದ ಆ ಕನ್ನಡವನ್ನು ಮೊದಲು ತಡವರಿಸಿ, ಆಮೇಲೆ ಗಟ್ಟಿಯಾಗಿ ಓದತೊಡಗಿದರು. ಓದುತ್ತಾ ಓದುತ್ತಾ ಅವರ ದನಿ ಹಳ್ಳಿಯದಾಯಿತು. ಕಹಿ ಕೈಯ ಸಾಲಿಗೆ ಬಂದು ನಿಂತರು.

“ಇದನ್ನ ಪ್ರಶ್ನೆ ಮಾಡಿ ಕೇಳಿದ್ರೆ ಒಬ್ಬರೂ ಹೇಳ್ತಿರಲಿಲ್ಲ ಕಣಮ್ಮ,” ಎಂದರು. “ಹೀಗೇ ಬರಿ.”

ಬರೆದೆ. ಪದವಿಯೂ ಬಂತು, ಅದರ ಸಂಭ್ರಮವೂ ಆಯಿತು. ಆದರೆ ಗೆದ್ದೆ ಎಂದು ನನಗನಿಸಿದ್ದು ಅದಕ್ಕೂ ಮೊದಲು, ಗೋಷ್ಠಿ ನಡೆದ ವರ್ಷದ ಸೆಪ್ಟೆಂಬರಿನಲ್ಲೇ. ಕರಾರಿನಂತೆ ಮಾನಿಟರನ್ನು ಕೆಳಗಿಳಿಸಿ, ಮಣೆಯ ದೂಳು ಒರೆಸಿ, ಸೂರಿನಡಿಗೆ ಒಯ್ದೆ. ಆ ವರ್ಷದ ಮೊದಲ ಸೊಪ್ಪು ಹರಡಿತ್ತು. ಅತ್ತೆ ಮಣೆಯನ್ನು ಈಸಿಕೊಂಡು, ಬೆಳಕು ಚೆನ್ನಾಗಿ ಬೀಳುವ ಜಾಗ ನೋಡಿ ಇಟ್ಟು, ತಾವು ಪಕ್ಕದಲ್ಲಿ ಗೋಣಿತಾಟು ಹಾಸಿಕೊಂಡರು. ಕುಂತ್ಕ ಎಂದರು. ನಾನು ಹಿಂದೆ ಮುಂದೆ ನೋಡಿದಾಗ ಮತ್ತೊಮ್ಮೆ ಅದನ್ನೇ ಹೇಳಿದರು.

ಕೂತೆ. ಕೈಗೆ ಸಿಕ್ಕ ಮೊದಲ ಎಲೆಯೇ ಎಡವಟ್ಟಿನದು, ಅರ್ಧ ನಿಂಬೆಹಣ್ಣಿನ ಬಣ್ಣ, ಅಂಚಿನಲ್ಲಿ ಕಂದು. ಬೆಳಕಿಗೆ ಹಿಡಿದೆ, ತಿರುಗಿಸಿದೆ, ಮಾತಾಗಿದ್ದರೆ ಎರಡೂ ಕಡೆ ಹಾಕುತ್ತಿದ್ದೆ ಎಂದುಕೊಂಡು ಎರಡನೆಯ ದರ್ಜೆಯ ಗುಡ್ಡೆಯ ಮೇಲಿಟ್ಟೆ. ಇಟ್ಟು, ಆ ಕೈಗಾಗಿ ಕಾದೆ. ಅತ್ತೆ ತಮ್ಮ ಎಲೆಗಳನ್ನು ನೋಡುತ್ತಾ ಕೂತಿದ್ದರು. ಕೈ ಬರಲಿಲ್ಲ. ನಾನಿಟ್ಟ ಎಲೆ ಇಟ್ಟಲ್ಲೇ ಉಳಿಯಿತು.