ಹುಚ್ಚಪ್ಪ ಗುಡ್ಡದ ಮೇಲೆ ಚರಗ ಚೆಲ್ಲಿದ್ದು

ಗಜೇಂದ್ರಗಡದ ನೇಕಾರ ಹುಚ್ಚಪ್ಪನಿಗೆ ಅರವತ್ತನಾಲ್ಕು ವರ್ಷ. ಸಾವಿರಾರು ಸೀರೆ ನೇಯ್ದ ಕೈ. ತನ್ನದೆನ್ನಲು ಅಂಗೈಯಗಲ ಹೊಲವಿಲ್ಲ. ಓಣಿಯಲ್ಲಿ ಅವನೊಂದಿಗೆ ಮಾತು ಬಿಟ್ಟವರೇ ಬಹಳ. ನಾನು ಎದುರುಮನೆಯವನಾದ್ದರಿಂದ ಬಿಡಲಾಗಿಲ್ಲ.

ಎಳ್ಳಮಾವಾಸ್ಯೆಗೆ ಹೊಲವಿದ್ದವರು ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ಮೊದಲು ಭೂಮಿತಾಯಿಗೆ ಅಡುಗೆ ಚೆಲ್ಲಿ ಆಮೇಲೆ ಉಣ್ಣುತ್ತಾರೆ. ಅದೇ ಚರಗ. ಹುಚ್ಚಪ್ಪ ಮೂವತ್ತು ವರ್ಷ ಹೆಂಡತಿ ದ್ರಾಕ್ಷಾಯಣಿಯ ಅಣ್ಣ ಶರಣುವಿನ ಹೊಲಕ್ಕೆ, ಜಕ್ಕಲಿಗೆ ಹೋಗುತ್ತಿದ್ದ. ಹೋದ ವರ್ಷ ಇವನು ಚರಗದ ತಾಟಿಗೆ ಕೈಹಾಕಿದಾಗ ಶರಣು ಮಂದಿಯೆದುರು ಕಸಿದುಕೊಂಡ.

"ಹೊಲ ನಂದು, ಚೆಲ್ಲಾಂವ ನಾನ. ನೀ ಉಂಡು ಹೋಗು."

ಹುಚ್ಚಪ್ಪ ಉಣ್ಣದೆ ಎದ್ದುಬಂದ. ಈ ವರ್ಷ ಯಾರ ಹಂಗೂ ಇಲ್ಲದೆ ತನ್ನ ಕೈಯಿಂದಲೇ ಚರಗ ಚೆಲ್ಲಿ ಮನೆಮಂದಿಗೆ ಉಣಿಸಬೇಕೆಂದು ಹಟ ಹಿಡಿದ. ಊರಾಚೆ ಗುಡ್ಡದ ಮೇಲೆ ಹೊಸದಾಗಿ ಉದ್ಯಾನವಾಗಿದೆ, ಬಾಡಿಗೆಗೆ ಡೇರೆ ಕೊಡುತ್ತಾರೆ. ಬಾಡಿಗೆ ಕೊಟ್ಟಷ್ಟು ಹೊತ್ತು ಆ ನೆಲ ತನ್ನದೇ ಎಂದು ಲೆಕ್ಕ ಹಾಕಿ, ಸೊಸೆ ಭುವನೇಶ್ವರಿಯ ಫೋನಿನಿಂದ ಒಂದು ದಿನಕ್ಕೆ ಡೇರೆ ಹಿಡಿಸಿದ.

ಅಮಾವಾಸ್ಯೆಯ ಬೆಳಿಗ್ಗೆ ಹೆಂಡತಿ, ಸೊಸೆ, ಇಬ್ಬರು ಮೊಮ್ಮಕ್ಕಳೊಂದಿಗೆ ಗುಡ್ಡ ಹತ್ತಿದ. ಬುಟ್ಟಿ ದ್ರಾಕ್ಷಾಯಣಿಯ ತಲೆಯ ಮೇಲೆ.

"ಜಕ್ಕಲಿಗಾದ್ರ ಬಸ್ಸಿಳದ್ರ ಆತಿತ್ತು," ಎಂದಳು ಆಕೆ. "ಇಲ್ಲಿ ಆಡಿನ ಹಂಗ ಹತ್ತಸಾಕತ್ತೀರಿ."

"ಆಡು ಬಾಯಿ ಮುಚ್ಚಿಕೊಂಡು ಹತ್ತತೈತಿ."

ಡೇರೆ ನೋಡಿ ಅವನು, ಇದರಾಗ ಕೋಳಿ ಮುಚ್ಚಬಹುದು ಎಂದ. ಆದರೂ ತಲೆಗೆ ಟವೆಲ್ ಸುತ್ತಿ, ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹೋಳಿಗೆ ತಾಟಿಗೆ ಮುರಿದು ಹಾಕಿಕೊಂಡು ಡೇರೆಯ ಸುತ್ತ ಚೆಲ್ಲುತ್ತ ಬಂದ. ಸುತ್ತು ಮುಗಿಯುವಷ್ಟರಲ್ಲಿ ಸೀಟಿ ಕೇಳಿತು. ಕಾವಲುಗಾರ ಪ್ರಬುದ್ಧ ಓಡಿಬಂದ.

"ಯಜಮಾನ್ರ, ಬೋರ್ಡ್ ಓದಿಲ್ಲೇನ್ರಿ? ಪ್ರಾಣಿಗೆ ತಿನ್ನಾಕ ಹಾಕಬಾರದು."

"ಪ್ರಾಣಿಗಲ್ಲ, ಭೂಮಿತಾಯಿಗೆ."

"ಮಂಗ್ಯಾಗಳಿಗೆ ಅದು ಗೊತ್ತೈತೇನ್ರಿ? ಆರಿಸಿ ತಗೀರಿ."

"ಕೊಟ್ಟದ್ದು ಕಸಗೊಳ್ಳಾಕ ನಾ ಏನ್ ಶರಣುನ?"

"ಯಾವ ಶರಣು?"

"ಅದು ನಿನಗ್ಯಾಕ?"

"ಆರಸ್ತೀರೋ, ಡೇರೆ ಬಿಡ್ತೀರೋ?"

ಪ್ರಬುದ್ಧ ತಾನೇ ಕಸಬರಿಗೆ ತಂದ. ಹುಚ್ಚಪ್ಪ ಅವನಿಗೆ ಅಡ್ಡ ನಿಂತ. ಇವರಿಬ್ಬರು ಕಸಬರಿಗೆಯ ಎರಡು ತುದಿ ಹಿಡಿದು ಜಗ್ಗಾಡುತ್ತಿರುವಾಗ ಬಂಡೆಗಳ ಮೇಲಿಂದ ಮೊದಲು ನಾಲ್ಕು ಮಂಗ ಇಳಿದವು, ಬೆನ್ನಿಗೆ ಒಂದು ಹಿಂಡೇ ಇಳಿಯಿತು. ಚೆಲ್ಲಿದ್ದನ್ನು ಮುಗಿಸಿ ಬುಟ್ಟಿಗೆ ಬಂದವು. ದ್ರಾಕ್ಷಾಯಣಿ ಸೆರಗು ಬೀಸಿದರೆ ಅವು ಹಲ್ಲು ಕಿರಿದವು. ಒಂದು ಹೋಳಿಗೆಯೂ ಉಳಿಯಲಿಲ್ಲ.

"ಈಗ ಓದಿದ್ರೇನು ಬೋರ್ಡು?" ಎಂದ ಪ್ರಬುದ್ಧ.

ಮಕ್ಕಳು ಹಸಿವೆಯಿಂದ ಅಳತೊಡಗಿದವು. ಭುವನೇಶ್ವರಿ ಮಾವನ ಕಡೆ ನೋಡದೆ ಜಕ್ಕಲಿಗೆ ಫೋನು ಹಚ್ಚಿದಳು. ಶರಣುವಿನ ದನಿ ಎಲ್ಲರಿಗೂ ಕೇಳಿಸುವಷ್ಟು ದೊಡ್ಡದಿತ್ತು.

"ಎಲ್ಲಾರೂ ಬರ್ರವಾ. ನಿಮ್ಮ ಮಾವಗೂ ಹೇಳು, ಚರಗ ಚೆಲ್ಲಿ ಆಗೇತಿ, ಉಣ್ಣೂದಷ್ಟ ಉಳದೈತಿ ಅಂತ."

"ನಡೀರಿ," ಎಂದಳು ದ್ರಾಕ್ಷಾಯಣಿ. "ಕೂಸುಗಳು ಹಸದಾವು."

"ಕೂಸುಗಳನ್ನ ಕರಕೊಂಡು ಹೋಗು. ನಾ ಬರಾಂವಲ್ಲ."

ಅವರು ಖಾಲಿ ಬುಟ್ಟಿಯೊಂದಿಗೆ ಇಳಿದುಹೋದರು, ಹಿಂತಿರುಗಿ ನೋಡಲಿಲ್ಲ. ಮಂಗಗಳು ಬಿಟ್ಟ ಒಂದು ಹಿಡಿ ಚೂರನ್ನು ಪ್ರಬುದ್ಧ ಗುಡಿಸಿ ಚೀಲಕ್ಕೆ ಹಾಕಿದ. ಹುಚ್ಚಪ್ಪ ಡೇರೆಯ ಬಾಗಿಲಲ್ಲಿ ಮೂರು ತಾಸು ಒಬ್ಬನೇ ಕುಳಿತು, ಕೊನೆಗೆ ಇಳಿದು ಬಂದ. ಮನೆಗೆ ಬೀಗ, ಕೀಲಿ ಹೆಂಡತಿಯ ಹತ್ತಿರ. ಕಟ್ಟೆಯ ಮೇಲೆ ಕುಳಿತವನನ್ನು ನಾನೇ ಕೇಳಿದೆ.

"ಊಟ ಆತೇನೋ?"

"ಚರಗ ಆತು."

"ಉಂಡ್ಯೋ ಇಲ್ಲೋ ಹೇಳು."

"ಚರಗ ನನ್ನ ಕೈಯಾಗ ಆತು ಅಂದೆ. ಕಿವಿ ಮಂದಾಗ್ಯಾವೇನು?"

ನನ್ನವಳು ಕಳಿಸಿದ ತಾಟನ್ನು ಮುಟ್ಟದೆ ಮರಳಿಸಿದ. ಸಂಜೆಯ ಬಸ್ಸಿಗೆ ದ್ರಾಕ್ಷಾಯಣಿ ಸೊಸೆ, ಮೊಮ್ಮಕ್ಕಳೊಂದಿಗೆ ಬಂದಳು. ಅಣ್ಣ ಕಟ್ಟಿಕೊಟ್ಟ ಹೋಳಿಗೆಯ ಗಂಟನ್ನು ಗಂಡನ ಮುಂದೆ ಬಿಚ್ಚಿದಳು. ಅವನು ಮುಖ ತಿರುವಿದ. ಆಕೆ ಅಲ್ಲೇ ಕುಳಿತು, ಒಂದೊಂದಾಗಿ ಎಲ್ಲವನ್ನೂ ತಾನೇ ತಿಂದಳು.

"ತುಂಬಿತೇನು ಹೊಟ್ಟಿ?" ಎಂದ ಹುಚ್ಚಪ್ಪ.

"ತುಂಬಿತ್ರಿ. ನೀವು ಉಣಿಸಿದ ಮಂಗ್ಯಾಗಳಿಗೆ ತುಂಬಿದಷ್ಟ ತುಂಬಿತು."

ಅವನು ಒಳಗೆ ಹೋಗಿ, ಒಂದು ತಂಬಿಗೆ ನೀರು ಕುಡಿದು ಮಲಗಿದ.