ಹಾಸಿಗೆಯಕ್ಕನ ಪಾಲಿಗೆ ಬಂದ ವಚನ

ನಮ್ಮ ಬುಧವಾರದ ಕೂಟಕ್ಕೆ ಬಿಡಿಸಲಾಗದ ವಚನ ಇಡೀ ಬೈಬಲಿನಲ್ಲಿ ಒಂದೂ ಇಲ್ಲ. ಈ ಮಾತನ್ನು ನಾನು ಕೇಳಿದವರಿಗೆಲ್ಲ ಹೇಳುತ್ತಿದ್ದೆ, ಕೇಳದವರನ್ನು ದಾರಿಯಲ್ಲಿ ತಡೆದು ನಿಲ್ಲಿಸಿಯೂ ಹೇಳುತ್ತಿದ್ದೆ. ಮರದ ನಾವೆಯೊಳಗೆ ನೋಹನು ಗೆದ್ದಲನ್ನು ಎಲ್ಲಿ ಇಟ್ಟಿದ್ದ ಎಂಬ ಪ್ರಶ್ನೆಗೆ ನಮ್ಮ ಬಳಿ ನಾಲ್ಕು ಉತ್ತರಗಳಿದ್ದವು, ನಾಲ್ಕೂ ಸರಿ. ಮೀನಿನ ಹೊಟ್ಟೆ ಸೇರಿದ ಯೋನನ ವಿಷಯದಲ್ಲಂತೂ ಎಷ್ಟು ಆಳಕ್ಕಿಳಿದಿದ್ದೆವೆಂದರೆ, ಆ ಪ್ರವಾದಿ ಹೊರಗೆ ಬಂದು ಮೈ ಒರೆಸಿಕೊಂಡು ತನ್ನ ಕೆಲಸಕ್ಕೆ ಹೋದ ಮೇಲೂ ನಾವು ಒಂದಿಡೀ ವರ್ಷ ಒಳಗೇ ಕುಳಿತಿದ್ದೆವು.

ಕೂಟ ಸೇರುತ್ತಿದ್ದುದು ಹಾಸಿಗೆಯಕ್ಕನ ಅಂಗಡಿಯಲ್ಲಿ. ಹತ್ತಿ ಹಿಂಜಿಸಿ, ಚೀಲಕ್ಕೆ ತುಂಬಿ, ದಬ್ಬಣದಿಂದ ಹಾಸಿಗೆ ಹೊಲಿಯುವುದು ಆಕೆಯ ಕಸುಬು. ಬೀದಿಯ ಕೊನೆಯಲ್ಲಿ ಉದ್ದನೆಯ ಒಂದೇ ಕೋಣೆ. ಮುಂದೆ ಹೊಲಿಗೆಯ ಚಾಪೆ, ನಡುವೆ ಅಟ್ಟಿಯಿಟ್ಟ ಹಾಸಿಗೆಗಳು, ಹಿಂದೆ ಹತ್ತಿ ಹಿಂಜುವ ಯಂತ್ರ. ಯಂತ್ರ ನಿಲ್ಲಿಸಿ ಎಷ್ಟೋ ಹೊತ್ತಾದರೂ ಗಾಳಿಯಲ್ಲಿ ಎಳೆಗಳು ತೇಲುತ್ತಲೇ ಇರುತ್ತಿದ್ದವು. ನಮ್ಮ ಬೈಬಲುಗಳಿಗೆಲ್ಲ ಗಡ್ಡ ಬೆಳೆದಿತ್ತು. ಹಾಸಿಗೆಯ ಮೇಲೆ ಕೂತು ದೇವರ ವಾಕ್ಯ ಓದುವುದು ಎಷ್ಟು ಅಪಾಯವೆಂದು ಮೊದಮೊದಲು ಗೊತ್ತಿರಲಿಲ್ಲ. ವಂಶಾವಳಿಯ ಅಧ್ಯಾಯ ಓದಿದ ದಿನ ಇಡೀ ಕೂಟ ನಿದ್ದೆ ಹೋಗಿ, ಎದ್ದಾಗ ಅಬ್ರಹಾಮನಿಂದ ದಾವೀದನವರೆಗೆ ಯಾರು ಓದಿದರೆಂದೇ ಯಾರಿಗೂ ತಿಳಿಯಲಿಲ್ಲ. ಅಂದಿನಿಂದ ಮುಕ್ಕಾಲಿಗಳು ಬಂದವು.

ನಾವು ಐದು ಜನ. ಸಭೆಯ ಉಪದೇಶಿಗಳು, ಬ್ಯಾಂಕಿನ ಕ್ಯಾಷಿಯರು, ನಾನು, ಶಾಲೆ ಬಿಟ್ಟರೂ ಪಾಠ ಬಿಡದ ಟೀಚರಮ್ಮ, ಮತ್ತು ಹಾಸಿಗೆಯಕ್ಕ. ಸುತ್ತಾಗಿ ಕೂತು ಒಬ್ಬೊಬ್ಬರು ಒಂದೊಂದು ವಚನ ಓದಬೇಕು. ಯಾರ ಪಾಲಿಗೆ ಯಾವುದು ಬರುತ್ತದೋ ಅವರು ಅದರ ಮೇಲೆ ಮಾತ್ರ ಮಾತಾಡಬೇಕು, ಬೇರೆಯವರ ವಚನಕ್ಕೆ ಬಾಯಿ ಹಾಕುವಂತಿಲ್ಲ. ಟೀಚರಮ್ಮನ ಬಾಯಿಗೆ ಬಾಗಿಲಿಡಲು ಮಾಡಿದ ಕಟ್ಟಳೆ ಅದು. ಇಲ್ಲದಿದ್ದರೆ ಪ್ರಪಂಚದ ಅಂತ್ಯ ಬಂದರೂ ಆಕೆಯ ಪೀಠಿಕೆ ಮುಗಿಯುತ್ತಿರಲಿಲ್ಲ.

ಹಾಸಿಗೆಯಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಅತ್ತೆಯಿಂದ ದಬ್ಬಣ ಹಿಡಿಯುವುದನ್ನು ಕಲಿತು, ಒಬ್ಬನೇ ಮಗನನ್ನು ಹತ್ತಿಯ ರಾಶಿಯಲ್ಲೇ ಮಲಗಿಸಿ ಬೆಳೆಸಿದಳು. ಹೆಬ್ಬೆರಳ ತುದಿ ಗಟ್ಟಿಯಾಗಿ ಕೊಂಬಿನಂತಾಗಿತ್ತು. ಅದರಿಂದ ಮೊಳೆ ಹೊಡೆಯುತ್ತಿದ್ದಳು ಎಂದರೆ ನೀವು ನಂಬುವುದಿಲ್ಲ, ಬಿಡಿ. ಗಿರಾಕಿ ಹಾಸಿಗೆ ಗಟ್ಟಿಯಾಯಿತೆಂದರೆ, "ನಿಮ್ಮ ಬೆನ್ನು ಮೆತ್ತಗಾಗಿದೆ, ಅದನ್ನ ರಿಪೇರಿ ಮಾಡಿಸಿ" ಎನ್ನುತ್ತಿದ್ದಳು.

ಮಗ ದೊಡ್ಡವನಾದ. ಹತ್ತಿಯ ಕಾಲ ಮುಗಿಯಿತು, ಫೋಮ್ ಹಾಸಿಗೆ ತರಿಸಿ ಮಾರೋಣ ಎಂದ. ಆಕೆ ಒಪ್ಪಲಿಲ್ಲ. ಅದು ಹಾಸಿಗೆಯಲ್ಲ, ಊದಿದ ಬ್ರೆಡ್ಡು ಎಂದಳು. ಮಾತಿಗೆ ಮಾತು ಬೆಳೆದು ಒಂದು ದಿನ, "ಆ ಬ್ರೆಡ್ಡಿನ ಮೇಲೆ ಮಲಗೋನಿಗೆ ಈ ಮನೇಲಿ ಜಾಗ ಇಲ್ಲ" ಎಂದುಬಿಟ್ಟಳು. ಕೋಪದಲ್ಲಿ ಆಡಿದ ಮಾತು. ಅವನು ಅಂದೇ ಬಟ್ಟೆ ಕಟ್ಟಿಕೊಂಡು ಊರಿನ ಆಚೆ ತುದಿಯಲ್ಲಿ ಕೋಣೆ ಹಿಡಿದ, ಅಲ್ಲಿನ ಫೋಮ್ ಅಂಗಡಿಯಲ್ಲೇ ಕೆಲಸಕ್ಕೆ ಸೇರಿದ. ತಾಯಿಯ ಜೊತೆ ಮಾತು ಬಿಟ್ಟ. ಎದುರಿಗೆ ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದ. ಆಮೇಲೆ ಎದೆಯಲ್ಲಿ ಕಾಯಿಲೆ ಹತ್ತಿತು. ಸುದ್ದಿ ತಿಳಿದು ಈಕೆ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವನ ಬಾಯಿಯಿಂದ ಗಂಟಲಿಗೆ ಕೊಳವೆ ಹಾಕಿದ್ದರು. ಮಾತಾಡದೆಯೇ ಹೋದ.

ಅಂದಿನಿಂದ ನಮ್ಮ ಕೂಟ ಬಹಳ ಕರುಣೆಯದಾಯಿತು. ಸತ್ತವರು ಏಳುವ ಭಾಗ ಬಂದರೆ ಸಾಕು, ಕೆಸರು ದಾಟುವವರಂತೆ ಪಂಚೆ ಎತ್ತಿಕೊಂಡು ಹಾರುತ್ತಿದ್ದೆವು. "ಅವನು ಎದ್ದ, ನನ್ನ ಮಗ ಯಾಕೆ ಏಳಲಿಲ್ಲ?" ಎಂದು ಆಕೆ ಕೇಳಿಬಿಟ್ಟರೆ ಏನು ಹೇಳುವುದು ಎಂಬ ಭಯ. ಕರುಣೆ ಎಷ್ಟು, ಭಯ ಎಷ್ಟು ಎಂದು ನಾವ್ಯಾರೂ ತೂಗಿ ನೋಡಲು ಹೋಗಲಿಲ್ಲ.

ಲೂಕನ ಸುವಾರ್ತೆಯಲ್ಲಿ ಶತಾಧಿಪತಿಯ ಆಳು ಗುಣವಾದ ವಾರ ಉಪದೇಶಿಗಳು ಪುಸ್ತಕ ಮುಚ್ಚುತ್ತ, "ಮುಂದಿನ ವಾರ ಸ್ನಾನಿಕ ಯೋಹಾನನ ಶಿಷ್ಯರ ಭಾಗ" ಎಂದರು.

"ನಡುವಿಂದು?" ಎಂದಳು ಹಾಸಿಗೆಯಕ್ಕ.

"ಯಾವ ನಡುವಿಂದು ಅಕ್ಕ?"

"ಊರಬಾಗಿಲಲ್ಲಿ ವಿಧವೆಯ ಮಗನ್ನ ಹೊತ್ಕೊಂಡು ಹೋಗ್ತಿರ್ತಾರಲ್ಲ, ಅದು. ನನಗೂ ಓದೋಕೆ ಬರುತ್ತೆ ಉಪದೇಶಿಗಳೇ."

"ಅಲ್ಲಕ್ಕಾ, ನಿಮಗೆ ಕಷ್ಟ ಆಗಬಾರದು ಅಂತ..."

"ಮಾರ್ಕನಲ್ಲಿ ಯಾಯೀರನ ಮಗಳನ್ನ ಹಾರಿಸಿದ್ರಿ. ಯೋಹಾನನಲ್ಲಿ ಲಾಜರನನ್ನ ಹಾರಿಸಿದ್ರಿ. ಸುಮ್ನಿದ್ದೆ. ಇದನ್ನೂ ಹಾರಿಸೋದಾದ್ರೆ ಕೂಟಕ್ಕೆ ಬೇರೆ ಜಾಗ ನೋಡ್ಕೊಳ್ಳಿ. ನಾನು ಆ ಭಾಗದಲ್ಲಿ ಒಂದು ಮಾತು ಕೇಳಬೇಕು. ಕೇಳೇ ಕೇಳ್ತೀನಿ."

ಹೊರಗೆ ಬಂದು ನಾಲ್ವರೂ ದೀಪದ ಕಂಬದ ಕೆಳಗೆ ನಿಂತೆವು. ಉಪಾಯ ಹೊಳೆದದ್ದು ಕ್ಯಾಷಿಯರನಿಗೆ. "ಅಕ್ಕನಿಂದಲೇ ಶುರು ಮಾಡ್ಸೋಣ. ಯೇಸು ಒಂದು ಊರಿಗೆ ಹೋದ್ರು, ಜನ ಹಿಂದೆ ಹೋದ್ರು. ಅದ್ರಲ್ಲಿ ಅಳೋಂಥದ್ದು ಏನಿದೆ? ಹೆಣ ಉಪದೇಶಿಗಳಿಗೆ, ಕಣ್ಣೀರು ನನಗೆ, ಚಟ್ಟ ಮುಟ್ಟೋದು ನಿಮಗೆ. ಎದ್ದು ಕೂರೋದು ಟೀಚರಮ್ಮನಿಗೆ. ಅಲ್ಲಿಗೆ ಆಮೆನ್. ತನ್ನ ಪಾಲಿನ ವಚನ ಬಿಟ್ಟು ಅಕ್ಕ ಬಾಯಿ ತೆರೆಯೋ ಹಾಗಿಲ್ಲ. ಕಟ್ಟಳೆ ಕಟ್ಟಳೆಯೇ."

"ಇದು ಮೋಸ ಅಲ್ವೇನ್ರೀ?" ಎಂದರು ಟೀಚರಮ್ಮ.

"ಮೋಸ ಅಲ್ಲಮ್ಮ, ವ್ಯವಸ್ಥೆ" ಎಂದ ಕ್ಯಾಷಿಯರ್.

ಮುಂದಿನ ಬುಧವಾರ ನಾನೇ ಮೊದಲು ಹೋಗಿ ಮುಕ್ಕಾಲಿಗಳನ್ನು ಲೆಕ್ಕದಂತೆ ಇಟ್ಟೆ. ಟೀಚರಮ್ಮ ಮೊಣಕಾಲು ಊದಿದೆ, ಮೆಟ್ಟಿಲಿಳಿಯಲಾಗುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಅಯ್ಯೋ ಪಾಪ ಎಂದೆವು, ಅವರ ಮೊಣಕಾಲಿಗಾಗಿ ಪ್ರಾರ್ಥಿಸಿದೆವು, ಓದಲು ಕೂತೆವು. ಇಷ್ಟು ಬುದ್ಧಿವಂತರಲ್ಲಿ ಒಬ್ಬನಿಗೂ ಏನೂ ಹೊಳೆಯಲಿಲ್ಲ.

ಹಾಸಿಗೆಯಕ್ಕ ಮೊದಲ ವಚನ ಓದಿ, "ಇದರಲ್ಲಿ ಹೇಳೋದೇನಿಲ್ಲ" ಎಂದಳು. ಉಪದೇಶಿಗಳ ವಚನದಲ್ಲಿ ವಿಧವೆಯ ಒಬ್ಬನೇ ಮಗನ ಹೆಣ ಊರಬಾಗಿಲು ದಾಟಿತು. ಅವರು ಹೆಣವನ್ನು ಬಿಟ್ಟು ಬಾಗಿಲನ್ನು ಹಿಡಿದುಕೊಂಡರು. ಆ ಕಾಲದ ಬಾಗಿಲುಗಳ ಎತ್ತರ, ಅಗಲ, ಅಗುಳಿ. ತಾಯಿಯನ್ನು ನೋಡಿ ಕನಿಕರಪಟ್ಟು ಅಳಬೇಡವೆಂದ ವಚನವನ್ನು ಓದಿದ ಕ್ಯಾಷಿಯರ್ ಕೆಮ್ಮಿ, "ಅರ್ಥ ಸ್ಪಷ್ಟವಾಗೇ ಇದೆ" ಎಂದ. ಚಟ್ಟ ಮುಟ್ಟಿ ಹುಡುಗನಿಗೆ ಏಳು ಎಂದದ್ದು ನನ್ನದು. ಹೊತ್ತವರ ಹೆಗಲಿಗೆ ಅಷ್ಟಾದರೂ ಬಿಡುವು ಸಿಕ್ಕಿತು ಎಂದು ಏನೋ ಹಾಸ್ಯ ಮಾಡಿದೆ. ಮುಂದಿನವರಿಗೆ ಸರದಿ ದಾಟಿಸಲು ಪಕ್ಕಕ್ಕೆ ತಿರುಗಿದರೆ ಮುಕ್ಕಾಲಿ ಖಾಲಿ. ಅದರಾಚೆ ಹಾಸಿಗೆಯಕ್ಕ, ಆಗಲೇ ಸಾಲಿನ ಮೇಲೆ ಬೆರಳಿಟ್ಟುಕೊಂಡು.

ಸತ್ತವನು ಎದ್ದು ಕೂತ, ಮಾತಾಡಲು ತೊಡಗಿದ, ಯೇಸು ಅವನನ್ನು ತಾಯಿಗೆ ಒಪ್ಪಿಸಿದ. ಆಕೆ ನಿಧಾನವಾಗಿ ಓದಿದಳು. ತಲೆಯೆತ್ತಿ ಕೇಳಿದಳು.

"ಏನು ಮಾತಾಡ್ದ?"

ಕಟ್ಟಳೆ ನೆನಪಿಸಲು ಕ್ಯಾಷಿಯರ್ ಬೆರಳೆತ್ತಿದ.

"ನನ್ನ ಪಾಲಿನ ವಚನ, ಕೇಳಬಹುದಲ್ಲ? ಕೂತ ಅಂತಿದೆ. ಮಾತಾಡೋಕೆ ಶುರು ಮಾಡ್ದ ಅಂತಿದೆ. ಏನು ಅಂದ ಅಂತ ಎಲ್ಲಿದೆ?"

ಉಪದೇಶಿಗಳು ದೊಡ್ಡ ಉಸಿರು ಬಿಟ್ಟರು. "ಓ, ಅಷ್ಟೇನಾ ಅಕ್ಕ! ದೇವರನ್ನ ಸ್ತುತಿಸಿರ್ತಾನೆ."

"ಬರ್ದಿದೆಯಾ?"

"ಬರ್ದಿಲ್ಲ. ಆದ್ರೆ ಸತ್ತು ಎದ್ದವನು ಇನ್ನೇನು ಹೇಳ್ತಾನೆ?"

"ಅದೇ ನನಗೆ ಗೊತ್ತಾಗಬೇಕು." ಆಕೆಯ ದನಿ ಏರಲಿಲ್ಲ. "ಮಗ ಎದ್ದು ಬರಲಿ ಅಂತ ಕೇಳ್ತಿಲ್ಲ ನಾನು. ಆ ಆಸೇನ ಮಣ್ಣಿನ ಜೊತೆಗೇ ಹಾಕಿ ಬಂದೆ. ಆಸ್ಪತ್ರೇಲಿ ಅವನು ನನ್ನನ್ನ ನೋಡ್ದ. ಕೊಳವೆ ಸುತ್ತ ತುಟಿ ಅಲ್ಲಾಡ್ತು. 'ಅಮ್ಮಾ' ಅಂದ್ನೋ, 'ಹೋಗು' ಅಂದ್ನೋ. ದಿನಾ ಇಲ್ಲಿ ಕೂತು ಹೊಲೀತಾ ತುಟಿ ಹಾಗೂ ಮಾಡಿ ನೋಡ್ತೀನಿ, ಹೀಗೂ ಮಾಡಿ ನೋಡ್ತೀನಿ. ಎರಡೂ ಒಂದೇ ಥರ ಇರುತ್ತೆ. ಈ ಹುಡುಗ ತಾಯಿ ಮುಖ ನೋಡಿ ಮೊದಲು ಏನಂದ ಅಂತ ಗೊತ್ತಾದ್ರೆ, ಮಕ್ಕಳು ಆ ಹೊತ್ತಲ್ಲಿ ಏನು ಹೇಳ್ತಾರೆ ಅಂತ ಒಂದು ಅಂದಾಜಾದ್ರೂ ಸಿಗುತ್ತೆ."

ತುಟಿಗಳು ಕೂಡದೆ 'ಅಮ್ಮಾ' ಎನ್ನಲಾಗದು ಎಂದು ನನ್ನ ಬಾಯಿಯ ತುದಿಗೆ ಬಂತು. ಕೊಳವೆಯ ಸುತ್ತ ಯಾವ ತುಟಿಯೂ ಒಂದಕ್ಕೊಂದು ಕೂಡಲಾರದು ಎಂದು ಮರುಕ್ಷಣವೇ ಹೊಳೆದು ನುಂಗಿಕೊಂಡೆ.

"ಬರ್ದಿಲ್ಲ ಅಂದ್ರೆ ನಮಗೆ ಬೇಕಾಗಿಲ್ಲ ಅಂತ ಅರ್ಥ ಅಕ್ಕ" ಎಂದ ಕ್ಯಾಷಿಯರ್, ಮೆಲ್ಲಗೆ.

"ನಿಮಗೆ ಬೇಕಾಗಿಲ್ಲ ತಮ್ಮಾ. ಆ ತಾಯಿಗೆ ಕೇಳಿಸ್ತಲ್ಲ."

ಗೆದ್ದಲಿಗೆ ನಾಲ್ಕು ಉತ್ತರ ಕೊಟ್ಟ ಕೂಟ ಈಗ ಬೈಬಲಿನ ಹಾಳೆಗಳನ್ನು ಹಿಂದೆ ಮುಂದೆ ತಿರುವತೊಡಗಿತು. ಏನಾದರೂ ಹೇಳೋಣವೆಂದು ನಾನು ಬಾಯಿ ತೆರೆದೆ. ತೇಲುತ್ತಿದ್ದ ಹತ್ತಿಯ ಎಳೆಯೊಂದು ಒಳಗೆ ಹೋಯಿತು. ಕೆಮ್ಮುತ್ತ ಕೂತೆ. ಆಕೆ ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದಳು, ಹಾಸಿಗೆಯಲ್ಲಿ ಉಳಿದ ಗಂಟನ್ನು ಕೈಯಲ್ಲಿ ಹುಡುಕುವಂತೆ.

ಉಪದೇಶಿಗಳು ಪುಸ್ತಕ ಮುಚ್ಚಿದರು. "ಪ್ರಾರ್ಥನೆ ಮಾಡಿ ಮುಗಿಸೋಣ." ನಾವು ಕಣ್ಣು ಮುಚ್ಚಿದ ವೇಗಕ್ಕೆ ಗಾಳಿ ಬೀಸಿ ದೀಪ ಆರಬೇಕಿತ್ತು.

"ಕಣ್ಣು ಬಿಡಿ ಉಪದೇಶಿಗಳೇ" ಎಂದಳು ಹಾಸಿಗೆಯಕ್ಕ. "ಭಾಗ ಇನ್ನೂ ಮುಗಿದಿಲ್ಲ. ಮುಂದಿನ ವಚನ ನಿಮ್ಮ ಪಾಲಿಗೆ."

"ಇವತ್ತಿಗೆ ಇಷ್ಟು ಸಾಕಕ್ಕ..."

"ಅಲ್ಲಿದ್ದವರಿಗೆಲ್ಲ ಹೆದರಿಕೆ ಆಯ್ತು ಅಂತ ಶುರುವಾಗುತ್ತೆ ಅದು. ಓದೋಕೆ ನಿಮಗಿಂತ ತಕ್ಕವರು ಇನ್ಯಾರಿದಾರೆ? ಓದಿ."