ಬಾಯಿ ಎಂದು ಅತ್ತ ಮಗು

ಮಗು ನಮ್ಮ ಮನೆಗೆ ಬರುವ ಹಿಂದಿನ ದಿನ ನಾನು ಮನೆಯಿಡೀ ಅಂಬೆಗಾಲಿಟ್ಟು ತಿರುಗಿದೆ. ಒಂದೂವರೆ ವರ್ಷದವನ ಕೈಗೆ ಏನೇನು ಎಟುಕಬಹುದು ಎಂದು ಅವನ ಎತ್ತರದಿಂದಲೇ ನೋಡಬೇಕಿತ್ತು. ಸೋಫಾದ ಅಡಿಯಲ್ಲಿ ಸೇಫ್ಟಿ ಪಿನ್ನು ಸಿಕ್ಕಿತು. ಫಿನಾಯಿಲ್ ಬಾಟಲಿ ಅಟ್ಟ ಹತ್ತಿತು. ಪೇಪರ್ ಓದುತ್ತಿದ್ದ ಗಂಡ ತಲೆಯೆತ್ತಿ, "ನಾಳೆ ಬರುವುದು ಮಗುವಾ, ಇನ್‌ಕಮ್ ಟ್ಯಾಕ್ಸಿನವರಾ?" ಎಂದರು. ನನಗೆ ನಗು ಬರಲಿಲ್ಲ.

ಮಗು ನನ್ನ ಆಫೀಸಿನ ಗೆಳತಿಯದು. ಅವಳು ಶಿರ್ವದ ಕೊಂಕಣಿ ಕ್ರೈಸ್ತರ ಮನೆಯ ಹುಡುಗಿ. ಗಂಡ ಕುವೈಟಿನಲ್ಲಿ, ಅವಳು ತಾಯಿಯ ಜೊತೆ ಇಲ್ಲೇ ಮಣಿಪಾಲದಲ್ಲಿ, ನಮ್ಮ ಮನೆಗೆ ಹತ್ತಿರವೇ ಇದ್ದಾಳೆ. ಮಗುವನ್ನು ನೋಡಿಕೊಳ್ಳುತ್ತಿದ್ದ ಆ ತಾಯಿಗೆ ಕಾಲು ಉಳುಕಿತು, ಅದೇ ವಾರ ಇವಳಿಗೆ ಮಂಗಳೂರಿನಲ್ಲಿ ಪ್ರಮೋಷನ್ ಪರೀಕ್ಷೆ. ಊಟದ ಡಬ್ಬಿ ಮುಚ್ಚುತ್ತಾ, "ಅಕ್ಕ, ಆ ದಿನ ಇವ ನಿಮ್ಮ ಹತ್ತಿರ ಇರಲಿ, ಅಲ್ವಾ?" ಎಂದು ಕೇಳಿದಳು. ಕೊಡೆ ತೆಗೆದಿಡಿ ಎನ್ನುವಷ್ಟು ಸಲೀಸಾಗಿ ಕೇಳಿದಳು. ನಾನೂ ಹೂಂ ಎಂದು ಆ ದಿನಕ್ಕೆ ರಜೆ ಹಾಕಿಬಿಟ್ಟೆ.

ನಮಗೆ ಮಕ್ಕಳಿಲ್ಲ. ಆ ದುಃಖ ಈಗ ಹಳತಾಯಿತು, ಅದರ ಜೊತೆ ಬದುಕುವುದು ಗೊತ್ತು. ಗೊತ್ತಾಗದ್ದು ನಂಟರ ಮನೆಗಳಲ್ಲಿ ಹೇಗಿರಬೇಕು ಎಂಬುದು. ತೊಟ್ಟಿಲಿಗೆ ಹಾಕುವ ದಿನ ಕೂಸು ಹೆಂಗಸರ ಕೈಯಿಂದ ಕೈಗೆ ಬರುತ್ತಾ ಬರುತ್ತಾ ನನ್ನ ಹತ್ತಿರ ಬಂದಾಗ ಹೇಗೋ ದಾರಿ ಬದಲಿಸುತ್ತದೆ. ಕುಕ್ಕುಂದೂರಿನಲ್ಲಿ ಒಮ್ಮೆ ನನ್ನ ಮಡಿಲಿನವರೆಗೂ ಬಂದಿದ್ದ ಕೂಸನ್ನು ಚಿಕ್ಕಮ್ಮ, "ನಿನಗೆ ಅಭ್ಯಾಸ ಇಲ್ಲ ಅಲ್ವಾ, ಇಲ್ಲಿ ಕೊಡು" ಎಂದು ಮೆಲ್ಲಗೆ ಎತ್ತಿಕೊಂಡರು. ಬೈಗುಳವೇನೂ ಅಲ್ಲ. ಆದರೆ ಇಂಥದ್ದನ್ನು ಕೇಳಿ ಕೇಳಿ ನಾನೇ ನಂಬಿಬಿಟ್ಟಿದ್ದೆ. ಈ ಮಗು ಒಂದು ದಿನ ನನ್ನ ಹತ್ತಿರ ನಿಲ್ಲದೆ ಹೋದರೆ ಅವರ ಮಾತೇ ನಿಜವಾಗುತ್ತದೆ. ನನ್ನ ಹೆದರಿಕೆ ಪಿನ್ನು, ಫಿನಾಯಿಲಿನದಲ್ಲ, ಇದರದು.

ಇನ್ನೊಂದು ತೊಡಕಿತ್ತು. ನನ್ನ ಮನೆಮಾತು ತುಳು, ಮಗುವಿಗೆ ಬರುವುದು ಕೊಂಕಣಿ ಮಾತ್ರ. ಗೆಳತಿ ಮೂರು ಶಬ್ದ ಹೇಳಿಕೊಟ್ಟಳು. ಉದಾಕ್ ಎಂದರೆ ನೀರು, ಜಾಯ್ ಎಂದರೆ ಬೇಕು, ನಾಕಾ ಎಂದರೆ ಬೇಡ. ಪರೀಕ್ಷೆ ನನಗೇ ಎಂಬಂತೆ ಬಾಯಿಪಾಠ ಮಾಡಿದೆ.

ಬೆಳಿಗ್ಗೆ ಅವಳು ಬಸ್ಸಿಗೆ ಹೊರಟಾಗ ಮಗು ಸ್ವಲ್ಪ ಅತ್ತು ಸುಮ್ಮನಾಯಿತು. ತುಪ್ಪ ಹಾಕಿದ ಗಂಜಿ ತಿಂದಿತು. ಗಂಡ ಕೆಲಸಕ್ಕೆ ಹೋದರು. ಪರವಾಗಿಲ್ಲ ಎಂದುಕೊಳ್ಳುವಷ್ಟರಲ್ಲಿ ಅವನು ನನ್ನ ಸೀರೆ ಜಗ್ಗಿ, "ಬಾಯಿ" ಎಂದ. ಮತ್ತೆ "ಬಾಯಿ, ಬಾಯಿ" ಎನ್ನುತ್ತಾ ಅಳತೊಡಗಿದ.

ಬಾಯಿಯಲ್ಲಿ ಹುಣ್ಣೋ, ಗಂಜಿ ಬಿಸಿಯಿತ್ತೋ, ನನ್ನ ಕಣ್ಣು ತಪ್ಪಿಸಿ ಏನಾದರೂ ನುಂಗಿದನೋ? ಟಾರ್ಚ್ ಹಿಡಿದು ಬಾಯಿ ಬಿಡಿಸಿದೆ, ಬೆರಳಿಗೆ ಕಚ್ಚಿದ. ನೀರು ಕೊಟ್ಟೆ, "ನಾಕಾ." ಬಾಳೆಹಣ್ಣು ಕೊಟ್ಟೆ, "ನಾಕಾ." ಅಳು ಏರುತ್ತಲೇ ಹೋಯಿತು. ಪರೀಕ್ಷೆಯಲ್ಲಿ ಕೂತವಳಿಗೆ ಫೋನ್ ಮಾಡುವ ಹಾಗಿಲ್ಲ. ಆಗಲಿ, ನನ್ನ ಮರ್ಯಾದೆ ಹೋದರೆ ಹೋಗಲಿ ಎಂದು ಆಟೋ ಕರೆಸಿ, ಹಲ್ಲಿನ ಡಾಕ್ಟರ ಹತ್ತಿರ ಓಡುವುದೆಂದು ಅವನನ್ನು ಎತ್ತಿಕೊಂಡು ಹೊಸ್ತಿಲು ದಾಟಿದೆ.

ಸ್ವಿಚ್ಚು ಆರಿಸಿದ ಹಾಗೆ ಅಳು ನಿಂತಿತು. ತೆಂಗಿನಮರದ ಕಾಗೆಯನ್ನು ತೋರಿಸಿ ಗೊಂಬೆಯಂತೆ ನಕ್ಕ. ಒಳಗೆ ಕರೆದುಕೊಂಡು ಬಂದೆ, "ಬಾಯಿ" ಎಂದು ಅಳು. ಹೊರಗೆ ಹೋದೆ, ನಗು. ಆಟೋದವರು ನಮ್ಮಿಬ್ಬರನ್ನೂ ನೋಡಿ, "ಎಂತ ಮಾರಾಯ್ರೆ, ಬರುವುದುಂಟಾ ಇಲ್ವಾ?" ಎಂದು ಕೇಳಿದರು. ಇಲ್ಲವೆಂದು ಕ್ಷಮೆ ಕೇಳಿ ಕಳಿಸಿದೆ.

ಆ ದಿನ ನಾವು ಮನೆಯೊಳಗೆ ಇದ್ದದ್ದೇ ಕಮ್ಮಿ. ಊಟವೂ ಅಂಗಳದಲ್ಲೇ, ಪಕ್ಕದ ಮನೆಯ ಕೋಳಿಗಳಿಗೂ ಪಾಲು ಕೊಟ್ಟು. ಮಧ್ಯಾಹ್ನ ದಾಸವಾಳದ ಗಿಡದ ಬಳಿ ಅತ್ತಿತ್ತ ನಡೆಯುವಾಗ ಅವನು ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆಹೋದ. ಕೈ ಜೋಮು ಹಿಡಿಯಿತು. ಮಲಗಿಸಬಹುದಿತ್ತು, ನನಗೆ ಮನಸ್ಸಾಗಲಿಲ್ಲ.

ಸಂಜೆ ಗೆಳತಿ ಬಂದಳು. ಟಾರ್ಚು, ಡಾಕ್ಟರು, ಆಟೋ ಎಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಕ್ಕ, ಅದು ಬಾಯಿ ಅಲ್ಲ, ಭಾಯ್ರ್. ಕೊಂಕಣಿಯಲ್ಲಿ ಹೊರಗೆ ಅಂತ. ಇವನಿಗೆ ಇನ್ನೂ ಆ ಕೊನೆಯ ರಕಾರ ನಾಲಿಗೆಗೆ ಬರುವುದಿಲ್ಲ."

"ನಿನ್ನ ಪಾಠದಲ್ಲಿ ಅದು ಇರಲಿಲ್ಲ ಮಾರಾಯ್ತಿ" ಎಂದೆ.

ಮತ್ತೆ ಅವಳು ಮಗನನ್ನು ಎತ್ತಿಕೊಂಡು ಒಂದೊಂದೇ ವಿಚಾರಿಸಿದಳು. ಎಷ್ಟು ತಿಂದ, ಎಷ್ಟು ಹೊತ್ತು ಮಲಗಿದ, ಹೊಟ್ಟೆ ಸರಿಯುಂಟಾ? ಆಫೀಸಿನಲ್ಲಿ ಉಳಿದವರು ಇಂಥ ಮಾತು ತೆಗೆದಾಗ ನಾನು ಊಟದ ಡಬ್ಬಿ ನೋಡುತ್ತಾ ಕೂರುವವಳು. ಇಂದು ಪ್ರತಿಯೊಂದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಅವನ ಈ ಒಂದು ದಿನ ಹೆತ್ತ ತಾಯಿಗೂ ಗೊತ್ತಿಲ್ಲ, ನನಗೆ ಗೊತ್ತು.

ಅವಳು ಗೇಟಿನವರೆಗೂ ಥ್ಯಾಂಕ್ಸ್ ಹೇಳುತ್ತಲೇ ಹೋದಳು. ಹೇಳಬೇಕಾದವಳು ನಾನು. ಯೋಚನೆಯನ್ನೇ ಮಾಡದೆ ಮಗುವನ್ನು ಕೊಟ್ಟಿದ್ದಳಲ್ಲ, ಆ ಋಣ ನನ್ನದು. ಅದನ್ನು ಬಾಯಿಬಿಟ್ಟು ಹೇಳಲು ಬರಲಿಲ್ಲ.

"ಪಾಸಾದರೆ ಇಂಟರ್‌ವ್ಯೂ ಬೇರೆ ಉಂಟಕ್ಕ" ಎಂದಳು. "ಆಗ ಎಂತ ಮಾಡುವುದೋ."

"ಬೇರೆ ಯಾರನ್ನೂ ಕೇಳಬೇಡ" ಎಂದೆ.